ನೆಲದ ಮಿತಿ, ಸೂರಿನ ಅಭಯ

1999ನೆಯ ಇಸವಿಯಲ್ಲಿ ಎರಡು ನಾಡುಗಳು ಪಟ್ಟಣದ ನೆಲಕ್ಕೆ ಹಾಕಿದ್ದ ಮಿತಿಯನ್ನು ಬದಲಿಸಿದವು. ಅಮೆರಿಕದ ಟೆಕ್ಸಾಸ್ ರಾಜ್ಯದ ಸಂವಿಧಾನವು ಕುಟುಂಬದ ವಾಸದ ಮನೆಯನ್ನು ಸಾಲ ಕೊಟ್ಟವರ ಜಪ್ತಿಯಿಂದ ಕಾಪಾಡುತ್ತದೆ. ಮನೆಕೊಳ್ಳಲು ಮಾಡಿದ ಸಾಲ, ಅದರ ಮೇಲಣ ತೆರಿಗೆಯಂಥ ಕೆಲವು ಬಾಕಿಗಳಷ್ಟೇ ಇದಕ್ಕೆ ಹೊರತು. ಪಟ್ಟಣದಲ್ಲಿ 1 ಎಕರೆಗೆ ಸೀಮಿತವಾಗಿದ್ದ ಈ ರಕ್ಷಣೆಯನ್ನು ಆ ವರ್ಷದ ನವೆಂಬರ್ 2ರಂದು ಮತದಾರರೇ 10 ಎಕರೆಗೆ ಏರಿಸಿದರು.

ನಮ್ಮಲ್ಲಿ 1976ರ ನಗರ ಭೂಮಿತಿ ಕಾಯಿದೆಯು ಒಬ್ಬರು ಹೊಂದಬಹುದಾದ ಖಾಲಿ ನೆಲವನ್ನು ದೆಹಲಿಯಲ್ಲಿ 500, ಬೆಂಗಳೂರಿನಲ್ಲಿ 1000 ಚದರ ಮೀಟರಿಗೆ ಕಟ್ಟಿಹಾಕಿತ್ತು. ಹೆಚ್ಚುವರಿ ನೆಲ ಸರ್ಕಾರಕ್ಕೆ ಸೇರಿ ಬಡವರ ಪಾಲಾಗಬೇಕೆಂಬುದು ಆಶಯ. ವಿನಾಯಿತಿಗಳೂ ವ್ಯಾಜ್ಯಗಳೂ ಆ ಆಶಯವನ್ನು ಸೊರಗಿಸಿದವು. 1999ರಲ್ಲಿ ಸಂಸತ್ತು ಅದನ್ನು ರದ್ದುಗೊಳಿಸಿತು. ಕರ್ನಾಟಕವೂ ರದ್ದತಿಯನ್ನು ಅಂಗೀಕರಿಸಿತು. ಇಲ್ಲಿ ಮತದಾರರ ನೇರ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ.

ಎರಡೂ ತೀರ್ಮಾನಗಳು ನೆಲವುಳ್ಳವರನ್ನು ಕುರಿತವು. ಸರೋಜಿನಿ ನಗರದ ಕ್ವಾರ್ಟರ್ಸುಗಳಲ್ಲಿ ಆಯುಷ್ಯದ ಅರ್ಧವನ್ನು ಕಳೆದ ಕನ್ನಡಿಗ ನೌಕರನಿಗೆ ಇವುಗಳಿಂದ ಬಂದುದೇನು? 2016ರ ಜುಲೈಯಲ್ಲಿ ಕೇಂದ್ರ ಸಂಪುಟವು ಈ ಬಡಾವಣೆಯೂ ಸೇರಿ 7 ಕಾಲೊನಿಗಳ ಪುನರ್ನಿರ್ಮಾಣಕ್ಕೆ ಒಪ್ಪಿತು. 12,970 ಮನೆಗಳ ಜಾಗದಲ್ಲಿ ಸುಮಾರು 25,667 ಏಳಬೇಕೆಂಬುದು ಯೋಜನೆ. 2018ರಲ್ಲಿ ಮರಗಳಿಗಾಗಿ ಜನ ಬೀದಿಗಿಳಿದರು, ಉಚ್ಚ ನ್ಯಾಯಾಲಯ ತಡೆ ನೀಡಿತು. ಎಷ್ಟೇ ಮನೆಗಳು ಎದ್ದರೂ ಕ್ವಾರ್ಟರ್ಸು ಹುದ್ದೆಯೊಡನೆ ಬಂದು ಹುದ್ದೆಯೊಡನೆ ಹೋಗುವಂಥದು. ನಿವೃತ್ತಿಯ ಹಣಕ್ಕೆ ಸಾಲ ಸೇರಿಸಿ ಕೊಂಡ ಎರಡು ಕೋಣೆಯ ಮನೆಯೇ ಕೊನೆಗೆ ಅವನ ಆಸ್ತಿ.

1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಪ್ರಕರಣವು ರೈತ, ಕೂಲಿಕಾರ, ಮನೆಗೆಲಸದವರ ಮನೆಗೆ ಜಪ್ತಿಯಿಂದ ರಕ್ಷಣೆ ಕೊಟ್ಟಿದೆ. ಸಂಬಳದಾರನ ಏಕೈಕ ಸಣ್ಣ ಮನೆಗೂ ಈ ಅಭಯ ದೇಶದಾದ್ಯಂತ ದೊರೆಯಬೇಕೆಂಬುದು ನಮ್ಮ ನಿಲುವು. ಹಾಗಾದರೆ ಸಾಲ ಹುಟ್ಟುವುದು ಕಷ್ಟವಾದೀತೆಂಬ ಆಕ್ಷೇಪ ಹುರುಳಿಲ್ಲದ್ದಲ್ಲ. ಆದುದರಿಂದಲೇ ಮನೆಕೊಳ್ಳುವ ಸಾಲವನ್ನು ಹೊರಗಿಟ್ಟು, ಅಭಯಕ್ಕೆ ಕಿರಿದಾದ ಮಿತಿಯೊಂದನ್ನು ಗೊತ್ತುಮಾಡಬೇಕು. ಟೆಕ್ಸಾಸಿನ 10 ಎಕರೆ ನಮಗೆ ಬೇಡ; ತಲೆಯ ಮೇಲಿನ ಸೂರಿನಷ್ಟು ಸಾಕು.

ಊರಿನಲ್ಲಿ ಹೊಲ ಮಾರಿ, ಇಲ್ಲಿ ಮನೆ ಮಾಡಿದವರು ನಾವು. ಈ ಬೇಡಿಕೆಯನ್ನು ನಮ್ಮ ನಮ್ಮ ಸಂಸದರಿಗೆ ಬರೆದು ತಿಳಿಸುವುದು ಹೊರನಾಡ ಸಂಘಗಳ ಕರ್ತವ್ಯ. ಕನ್ನಡದ ಕೆಲಸವೆಂದರೆ ಕನ್ನಡಿಗನ ಬಾಳಿನ ಕೆಲಸವೂ ಹೌದಷ್ಟೆ.