ರುಚಿ ಬಲ್ಲೆವು, ಒಲೆ ಹಚ್ಚಲಾರೆವು

ಬೆಳಿಗ್ಗೆ ಎಂಟು ಗಂಟೆಗೆ ರಾಯಚೂರಿನ ಯಾವ ಹೋಟೆಲ್ಲಿನ ಮುಂದಾದರೂ ನಿಂತು ನೋಡಿ. ಮಂಡಾಳ ಒಗ್ಗರಣಿಯ ತಟ್ಟೆ ಹಿಡಿದು ಮಿರ್ಚಿ ಮುರಿಯುತ್ತ ನಿಂತವರೆಲ್ಲ ಅಪ್ಪಂದಿರು. ಅವರಲ್ಲಿ ಹಲವರಿಗೆ ಆ ದಿನ ಹೋಗಬೇಕಾದ ಕೆಲಸವೇ ಇಲ್ಲ. ಯಾರ ಮಿರ್ಚಿಯಲ್ಲಿ ಹಿಟ್ಟು ಹೆಚ್ಚು, ಯಾರ ಮನೆಯ ಪುಂಡಿಪಲ್ಯಕ್ಕೆ ಬೆಳ್ಳುಳ್ಳಿ ಸಾಲದು ಎಂದು ನಾವು ಒಂದು ತುತ್ತಿನಲ್ಲೇ ಹೇಳಬಲ್ಲೆವು. ಅದೇ ಹೊತ್ತಿಗೆ ನಮ್ಮ ಮಕ್ಕಳು ಐದು ರೂಪಾಯಿಯ ಪ್ಯಾಕೆಟ್ ಹರಿದು ತಿನ್ನುತ್ತ ಶಾಲೆಯ ದಾರಿ ಹಿಡಿದಿರುತ್ತಾರೆ. ನಾಲಗೆಗೆ ಇಷ್ಟೆಲ್ಲ ಕಲಿಸಿದ ನಾವು ಕೈಗೆ ಏನನ್ನೂ ಕಲಿಸಲಿಲ್ಲ.

ದೂರ ನಿಂತು ಈ ಮಾತು ಹೇಳುತ್ತಿಲ್ಲ. ನನ್ನ ಕೆಲಸ ಹೋಗಿ, ಹೆಂಡತಿ ದಿನವೂ ಮಾನ್ವಿಯ ಬಸ್ಸು ಹಿಡಿಯತೊಡಗಿದ ಮೇಲೂ ಏಳು ತಿಂಗಳು ಅವಳೇ ನಸುಕಿನಲ್ಲಿ ಎದ್ದು ರೊಟ್ಟಿ ಬಡಿದಿಟ್ಟು ಹೋದಳು. ನಾನು ಮನೆಯಲ್ಲೇ ಇದ್ದೆ. ಉಪ್ಪು ಕಡಿಮೆಯಾದ ದಿನ ಸಂಜೆ ಅದನ್ನು ಹೇಳಲು ಮಾತ್ರ ಮರೆಯುತ್ತಿರಲಿಲ್ಲ. ಒಂದು ಬೆಳಿಗ್ಗೆ ಅವಳು ಜ್ವರದಿಂದ ಏಳಲಾರದೆ ಮಲಗಿದಾಗ, ಒಂಬತ್ತು ವರ್ಷದ ಮಗಳು ಯಾರೂ ಹೇಳದೆ ಸ್ಟೂಲು ಹತ್ತಿ ಹಿಟ್ಟಿನ ಡಬ್ಬಿ ಇಳಿಸಿಕೊಂಡಳು. ಎದುರಿಗೇ ಕೂತಿದ್ದ ಅಪ್ಪನ ಕಡೆ ಅವಳು ತಿರುಗಿಯೂ ನೋಡಲಿಲ್ಲ. ಅಪ್ಪನೆಂಬುವನು ಅಡಿಗೆಮನೆಯ ಲೆಕ್ಕಕ್ಕೆ ಬಾರದವನು ಎಂಬುದನ್ನು ಆ ವಯಸ್ಸಿಗೇ ಕಲಿತುಬಿಟ್ಟಿದ್ದಳು. ಕಲಿಸಿದವನು ನಾನೇ.

ಆ ದಿನದಿಂದ ರೊಟ್ಟಿ ಕಲಿತೆ. ಜೋಳದ ಹಿಟ್ಟಿಗೆ ಗೋಧಿಯ ಅಂಟಿಲ್ಲ. ಕುದಿಯುವ ಎಸರು ಬಿದ್ದಾಗಲೇ ಅದಕ್ಕೆ ಜಿಗಿ ಬರುವುದು. ಹಳೆಯ ಹಿಟ್ಟಾದರೆ ಅಂಚು ಬಿರಿಯುತ್ತದೆ. ಹಂಚು ಸಾಕಷ್ಟು ಕಾಯದಿದ್ದರೆ ರೊಟ್ಟಿ ಉಬ್ಬುವುದಿಲ್ಲ. ಮೇಲೆ ನೀರು ಸವರುವುದು ತಡವಾದರೆ ಒಣಗಿ ಸೀಳುತ್ತದೆ. ಕೈ ಹದಕ್ಕೆ ಬರಲು ಎರಡು ತಿಂಗಳು ಬೇಕಾಯಿತು. ಇಷ್ಟು ಸೂಕ್ಷ್ಮವಾದ ವಿದ್ಯೆಯನ್ನು ನಾವು ‘ಹೆಣ್ಮಕ್ಕಳ ಕೆಲಸ’ ಎಂದು ಎರಡೇ ಮಾತಿನಲ್ಲಿ ತಳ್ಳಿಹಾಕಿದ್ದೇವೆ.

ಅಜ್ಜನೂ ಒಲೆ ಮುಟ್ಟಿರಲಿಲ್ಲ ಎಂಬ ನೆಪ ಇನ್ನು ನಡೆಯುವುದಿಲ್ಲ. ಅಜ್ಜ ಕೋಳಿ ಕೂಗುವ ಮುಂಚೆ ಎತ್ತುಗಳಿಗೆ ಮೇವು ಹಾಕಿ, ಹೊತ್ತು ಮುಳುಗುವವರೆಗೆ ಕುಂಟೆ ಹೊಡೆದವನು. ಇಂದು ಉಳುವುದು ಟ್ರ್ಯಾಕ್ಟರ್. ಮಾನ್ವಿಯ ಕಾಲುವೆ ಕೆಳಗಿನ ನೆಲ್ಲು ಕೊಯ್ಯುವುದೂ ಯಂತ್ರ. ಗಂಡಸಿನ ದುಡಿಮೆಯನ್ನು ಯಂತ್ರ ಹಗುರ ಮಾಡಿತು. ಹತ್ತಿ ಬಿಡಿಸುವುದು, ಮೆಣಸಿನಕಾಯಿ ಹರಿಯುವುದು, ಕಳೆ ತೆಗೆಯುವುದು ಇವತ್ತಿಗೂ ಹೆಂಗಸರ ಬೆರಳಿನ ಮೇಲೆಯೇ ಉಳಿದಿವೆ. ನಮಗೆ ಉಳಿದ ಹೊತ್ತನ್ನು ಎಲ್ಲಿ ಕಳೆದೆವು? ಕಟ್ಟೆಯ ಮೇಲೆ, ಮೊಬೈಲಿನಲ್ಲಿ, ಚಹಾದಂಗಡಿಯಲ್ಲಿ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಮನೆಗೆಲಸ ಮಾಡುವ ಹೆಂಗಸು ದಿನಕ್ಕೆ ಸರಾಸರಿ 299 ನಿಮಿಷ ಅದರಲ್ಲಿ ಕಳೆಯುತ್ತಿದ್ದಳು. ಗಂಡಸು 97 ನಿಮಿಷ. ಅಷ್ಟಾದರೂ ಮಾಡುತ್ತಿದ್ದ ಗಂಡಸರು ನೂರಕ್ಕೆ 26 ಮಂದಿ ಮಾತ್ರ.

ಇದರ ಬೆಲೆ ತೆರುವವರು ಯಾರೆಂದು ನಮಗೆ ಗೊತ್ತಿದೆ. ಹತ್ತಿಯ ಸುಗ್ಗಿಯಲ್ಲಿ ತಾಯಿ ಹೊಲಕ್ಕೆ ಹೋದರೆ, ಹಿರಿಮಗಳ ಪಾಟಿಚೀಲ ಗೂಟಕ್ಕೆ ಬೀಳುತ್ತದೆ. ಆಮೇಲೆ ಅಡಿಗೆಯೂ ತಮ್ಮಂದಿರೂ ಅವಳ ಪಾಲು. ಅಪ್ಪ ಮನೆಯಲ್ಲಿದ್ದೂ ಅವಳು ಶಾಲೆ ಬಿಡುತ್ತಾಳೆ. ಅದನ್ನು ನಾವು ಬಡತನದ ಖಾತೆಗೆ ಬರೆಯುತ್ತೇವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65.5ರಷ್ಟು ಮಂದಿಗೆ ರಕ್ತಹೀನತೆ ಕಂಡಿತು. ಐದು ವರ್ಷದೊಳಗಿನವರಲ್ಲಿ ನೂರಕ್ಕೆ 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ಇದಕ್ಕೆ ಕಾರಣಗಳು ಹತ್ತಾರಿವೆ, ಒಪ್ಪುತ್ತೇನೆ. ಆದರೆ ಜೋಳ, ಮಡಕಿ ಕಾಳು, ರಾಜಗಿರಿ, ಶೇಂಗಾ, ಗುರೆಳ್ಳು ಇಷ್ಟೂ ಸಿಗುವ ಸೀಮೆಯಲ್ಲಿ ಮಗು ಬಿಳಿ ಅನ್ನಕ್ಕೆ ತಿಳಿಸಾರು ಕಲಸಿಕೊಂಡು ಏಳುವಾಗ, ಕಾಳು ನೆನೆಹಾಕಲು ಬಿಡುವಿದ್ದ ಒಬ್ಬ ಗಂಡಸು ಆ ಮನೆಯಲ್ಲಿ ಇರಲಿಲ್ಲವೇ?

ಕೈ ಬರುವುದಿಲ್ಲ ಎಂಬುದಂತೂ ಶುದ್ಧ ಸುಳ್ಳು. ಮಿರ್ಚಿಯ ಬಾಣಲೆಯ ಮುಂದೆ ನಿಂತವನು ಗಂಡಸು. ಮಠದ ದಾಸೋಹದಲ್ಲಿ ಕೊಪ್ಪರಿಗೆ ತಿರುವುವವನು, ಮದುವೆಯಲ್ಲಿ ಹುಗ್ಗಿ ಕಾಯಿಸುವವನು ಗಂಡಸು. ಕೂಲಿಗಾಗಿ ಬೇಯಿಸುತ್ತೇವೆ, ಪುಣ್ಯಕ್ಕಾಗಿ ಬೇಯಿಸುತ್ತೇವೆ. ಹೆತ್ತ ಮಕ್ಕಳಿಗೆ ಬೇಯಿಸಲು ಹೇಳಿದರೆ ಮಾನ ಹೋಗುತ್ತದೆ. ಇದೇ ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದ ಶರಣ ಮಾರಯ್ಯ ನೆಲಕ್ಕೆ ಬಿದ್ದ ಅಕ್ಕಿಯನ್ನು ಬಾಗಿ ಆಯುವುದನ್ನೇ ಕಾಯಕ ಮಾಡಿಕೊಂಡ. ಒಂದು ದಿನ ಹೆಚ್ಚಿಗೆ ತಂದದ್ದಕ್ಕೆ ಹೆಂಡತಿ ಲಕ್ಕಮ್ಮ ತಿದ್ದಿದಳು, ಅವನು ತಿದ್ದಿಕೊಂಡ. ಎಂಟುನೂರು ವರ್ಷದಿಂದ ಆ ಇಬ್ಬರಿಗೂ ಕೈ ಮುಗಿಯುತ್ತ ಬಂದ ನಮ್ಮವರೇ, ನಾನು ರೊಟ್ಟಿ ಬಡಿಯುವ ಸಪ್ಪಳ ಕೇಳಿ ಕಿಟಕಿಯಲ್ಲಿ ಇಣುಕಿ, “ಏನಪಾ, ಬಳಿ ಇಟ್ಕೊಂಡಿಯೇನು?” ಎಂದರು. ಹಾಗೆ ಕೇಳಿದವರು ಅಪರಿಚಿತರಲ್ಲ, ನನ್ನ ಜೊತೆಗೇ ಆಡಿ ಬೆಳೆದವರು.

ದೇವದುರ್ಗದ ಹಳ್ಳಿಗಳಿಂದ ಗುಳೆ ಹೋದವರನ್ನು ಬೆಂಗಳೂರಿನ ಕಟ್ಟಡಗಳ ಪಕ್ಕದ ತಗಡಿನ ಶೆಡ್ಡುಗಳಲ್ಲಿ ನೋಡಬೇಕು. ಒಂಟಿಯಾಗಿ ಹೋದ ಗಂಡಸರು ಅಲ್ಲಿ ಸರದಿಯ ಮೇಲೆ ಅನ್ನಕ್ಕಿಡುತ್ತಾರೆ, ಬ್ಯಾಳಿ ಬೇಯಿಸುತ್ತಾರೆ, ಪಾತ್ರೆ ಬೆಳಗುತ್ತಾರೆ. ಅಲ್ಲಿ ಯಾರ ಮಾನವೂ ಹೋಗುವುದಿಲ್ಲ. ಯುಗಾದಿಗೆ ಊರಿಗೆ ಬಂದು ಬಸ್ಸಿಳಿಯುವಾಗ ಅವರ ಚೀಲದಲ್ಲಿ ಅದೇ ಮಸಿ ಹಿಡಿದ ಪಾತ್ರೆ ಇರುತ್ತದೆ. ಅದನ್ನು ತೆಗೆದು ಹೆಂಡತಿಯ ಮುಂದಿಟ್ಟು, ಕೈತೊಳೆದು, ಗೋಡೆಗೆ ಒರಗಿ, ತಟ್ಟೆಗಾಗಿ ಕಾಯುತ್ತಾರೆ.