ಕರುಣೆಯ ವೇದಿಕೆಯಲ್ಲ, ಆಟದ ಅಂಗಳ ಬೇಕು

ಪ್ರತಿವರ್ಷ ಡಿಸೆಂಬರ್ 3 ಬರುತ್ತದೆ. ವಿಶ್ವ ವಿಕಲಚೇತನರ ದಿನವೆಂದು ಶಾಮಿಯಾನ ಹಾಕಲಾಗುತ್ತದೆ. ನಿಂಬೆಹಣ್ಣು-ಚಮಚದ ಓಟ, ಸಂಗೀತ ಕುರ್ಚಿ, ಬಹುಮಾನವಾಗಿ ಪ್ಲಾಸ್ಟಿಕ್ ಡಬ್ಬಿ, ಅತಿಥಿಗಳಿಗೆ ಶಾಲು, ಫಲಾನುಭವಿಗೆ ತ್ರಿಚಕ್ರ ವಾಹನ, ಅದರ ಜೊತೆಗೊಂದು ಛಾಯಾಚಿತ್ರ. ಸಂಜೆಯಾಗುತ್ತಲೇ ಶಾಮಿಯಾನ ಇಳಿಯುತ್ತದೆ. ಉಳಿದ 364 ದಿನಗಳಲ್ಲಿ ಅದೇ ಮೈದಾನಕ್ಕೆ ಆ ಜನರು ಯಾಕೆ ಬರಲಿಲ್ಲವೆಂದು ಯಾರೂ ಕೇಳುವುದಿಲ್ಲ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್‌ಗಳು ಈ ಮಾತಿಗೆ ಹೊರತೆಂದು ಎದೆತಟ್ಟಿ ಹೇಳಬಲ್ಲವರು ಇದ್ದಾರೆಯೇ?

2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿರುವ ವಿಕಲಚೇತನರು 13 ಲಕ್ಷಕ್ಕೂ ಅಧಿಕ. ಇವರಿಗೆ ಅನ್ನ, ಔಷಧ, ಮಾಸಾಶನ ಬೇಕೆಂಬುದನ್ನು ಸಮಾಜ ಹೇಗೋ ಒಪ್ಪಿಕೊಂಡಿದೆ. ಆದರೆ ಆಟ? ಅದು ಕೈಕಾಲು ನೆಟ್ಟಗಿರುವವರ ವಿಲಾಸವೆಂಬ ಭಾವನೆ ಇಂದಿಗೂ ಅಳಿದಿಲ್ಲ. ಈ ಭಾವನೆಯೇ ಮೂಲಭೂತವಾಗಿ ತಪ್ಪು.

1948ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯ ವೈದ್ಯ ಲುಡ್ವಿಗ್ ಗಟ್‌ಮನ್, ಬೆನ್ನುಹುರಿಗೆ ಪೆಟ್ಟಾದ ಹದಿನಾರು ಮಂದಿ ಮಾಜಿ ಯೋಧರನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಬಿಲ್ವಿದ್ಯೆಯ ಸ್ಪರ್ಧೆ ಏರ್ಪಡಿಸಿದರು. ಅದು ಮನರಂಜನೆಯಾಗಿರಲಿಲ್ಲ, ಚಿಕಿತ್ಸೆಯಾಗಿತ್ತು. ಹಾಸಿಗೆಗೆ ಅಂಟಿಕೊಂಡವನನ್ನು ಮತ್ತೆ ಮನುಷ್ಯರ ನಡುವೆ ತರುವ ದಾರಿಯಾಗಿತ್ತು. ಇಂದಿನ ಪ್ಯಾರಾಲಿಂಪಿಕ್ಸ್‌ನ ಬೀಜವೂ ಅದೇ. 1965ರ ಯುದ್ಧದಲ್ಲಿ ಗುಂಡೇಟು ತಿಂದ ನಮ್ಮ ನೆರೆಯ ಮಹಾರಾಷ್ಟ್ರದ ಮುರಳಿಕಾಂತ್ ಪೇಟ್ಕರ್, 1972ರಲ್ಲಿ ಈಜಿನಲ್ಲಿ ಚಿನ್ನ ಗೆದ್ದು ಭಾರತಕ್ಕೆ ಆ ಕೂಟದ ಪ್ರಥಮ ಪದಕ ತಂದರು.

ದೂರದ ಉದಾಹರಣೆ ಯಾಕೆ? ಬಾಗಲಕೋಟೆಗೆ ತಾಗಿಕೊಂಡಿರುವ ಬೆಳಗಾವಿ ಜಿಲ್ಲೆಯ ಮಹಾಂತೇಶ್ ಜಿ. ಕಿವಡಸಣ್ಣವರ್ ಶೈಶವದಲ್ಲೇ ದೃಷ್ಟಿ ಕಳೆದುಕೊಂಡವರು. ತಮ್ಮಂತೆಯೇ ದೃಷ್ಟಿಯಿಲ್ಲದ ಗೆಳೆಯ ನಾಗೇಶ್ ಅವರೊಂದಿಗೆ 1997ರಲ್ಲಿ ಬೆಂಗಳೂರಿನಲ್ಲಿ 'ಸಮರ್ಥನಂ' ಸಂಸ್ಥೆಯನ್ನು ಕಟ್ಟಿದರು. ಅಂಧರ ಕ್ರಿಕೆಟ್ ದೇಶದಲ್ಲಿ ಬೇರೂರಿದ್ದರ ಹಿಂದೆ ಈ ಸಂಸ್ಥೆಯ ಶ್ರಮವಿದೆ. ಆ ಆಟದ ಚೆಂಡಿನೊಳಗೆ ಲೋಹದ ಗುಂಡುಗಳಿರುತ್ತವೆ, ಸದ್ದೇ ಕಣ್ಣು. ಚೆಂಡನ್ನು ತೋಳಿನ ಕೆಳಗಿನಿಂದ ನೆಲಕ್ಕೆ ತಾಗಿಸಿ ಎಸೆಯಬೇಕು. ಹನ್ನೊಂದು ಮಂದಿಯಲ್ಲಿ ಕನಿಷ್ಠ ನಾಲ್ವರು ಪೂರ್ಣ ಅಂಧರಿರಬೇಕು. ಅವರು ಗಳಿಸಿದ ಓಟಗಳು ದ್ವಿಗುಣವಾಗುತ್ತವೆ. 2012ರಲ್ಲಿ ಬೆಂಗಳೂರಿನಲ್ಲಿ ನಡೆದ ಟಿ-20 ವಿಶ್ವಕಪ್ಪನ್ನು ಶಿವಮೊಗ್ಗ ಜಿಲ್ಲೆಯ ಶೇಖರ್ ನಾಯ್ಕ್ ನಾಯಕತ್ವದ ತಂಡ ಗೆದ್ದಿತು. 2025ರ ನವೆಂಬರ್‌ನಲ್ಲಿ ಕೊಲಂಬೊದಲ್ಲಿ ಅಂಧ ಮಹಿಳೆಯರ ಪ್ರಥಮ ಟಿ-20 ವಿಶ್ವಕಪ್ಪನ್ನು ಎತ್ತಿ ಹಿಡಿದ ನಾಯಕಿ ದೀಪಿಕಾ ಕೂಡ ಕರ್ನಾಟಕದ ಆಟಗಾರ್ತಿ. ಗಮನಿಸಬೇಕಾದ ಅಂಶವೇನೆಂದರೆ, ಈ ಸಾಧನೆಯ ಬುಡದಲ್ಲಿ ಇರುವುದು ಯಾರದೋ ದಯೆಯಲ್ಲ. ಸ್ವತಃ ದೃಷ್ಟಿಹೀನರಾದವರ ನಾಯಕತ್ವ.

ಹಾಗಾದರೆ ಕಣ್ಣಿದ್ದವರ, ಕಾಲಿದ್ದವರ ಪಾತ್ರವೇನು? ಇದಕ್ಕೆ ಓಟದ ಅಂಗಳದಲ್ಲೇ ಉತ್ತರವಿದೆ. ಚಿಕ್ಕಮಗಳೂರು ಜಿಲ್ಲೆಯ ರಕ್ಷಿತಾ ರಾಜು 2018ರ ಏಷ್ಯನ್ ಪ್ಯಾರಾ ಕ್ರೀಡೆಗಳಲ್ಲಿ ಅಂಧ ಮಹಿಳೆಯರ 1500 ಮೀಟರ್ ಓಟದಲ್ಲಿ ಚಿನ್ನ ಗೆದ್ದವರು. 2023ರಲ್ಲಿ ಹಾಂಗ್‌ಝೌನಲ್ಲಿ ಆ ಚಿನ್ನವನ್ನು ಉಳಿಸಿಕೊಂಡರು. ಇಂಥ ಓಟದಲ್ಲಿ ಓಟಗಾರ್ತಿಯ ಕೈಗೂ ಮಾರ್ಗದರ್ಶಿ ಓಟಗಾರನ ಕೈಗೂ ಒಂದು ಗಿಡ್ಡ ಹಗ್ಗ ಇರುತ್ತದೆ. ಮಾರ್ಗದರ್ಶಿ ತಿರುವನ್ನು ಹೇಳಬಹುದು, ವೇಗವನ್ನು ಸೂಚಿಸಬಹುದು. ಆದರೆ ಆಕೆಯನ್ನು ಎಳೆಯುವಂತಿಲ್ಲ. ಕೊನೆಯ ಗೆರೆಯನ್ನು ಆಕೆಗಿಂತ ಮೊದಲು ದಾಟುವಂತೆಯೂ ಇಲ್ಲ. ದಾಟಿದರೆ ಇಬ್ಬರೂ ಅನರ್ಹರು.

ಸ್ವಯಂಸೇವೆಗೆ ಇದಕ್ಕಿಂತ ಒಳ್ಳೆಯ ನಿಯಮಾವಳಿ ಬೇಕೇ? ಸೇವೆಯ ಹೆಸರಿನಲ್ಲಿ ವೇದಿಕೆಯ ಮುಂದಿನ ಕುರ್ಚಿಯಲ್ಲಿ ಕುಳಿತುಕೊಳ್ಳುವವರು, ಸಂಘದ ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಎಲ್ಲವೂ ತಾವೇ ಆಗಿ ವಿಕಲಚೇತನರನ್ನು ಬರೇ 'ಫಲಾನುಭವಿ'ಗಳ ಪಟ್ಟಿಯಲ್ಲಿಡುವವರು ಗೆರೆಯನ್ನು ಮೊದಲೇ ದಾಟಿದ ಮಾರ್ಗದರ್ಶಿಗಳು. ಅವರ ಉದ್ದೇಶ ಒಳ್ಳೆಯದಿರಬಹುದು. ಆದರೆ ಆಟ ಅಲ್ಲಿಗೆ ಮುಗಿಯಿತು.

ಒಬ್ಬ ಆಟಗಾರ ಎದ್ದು ನಿಂತರೆ ಇನ್ನೊಬ್ಬರನ್ನು ಎತ್ತುತ್ತಾನೆ ಎಂಬುದಕ್ಕೂ ನಮ್ಮಲ್ಲಿ ಸಾಕ್ಷ್ಯವಿದೆ. ಬೆಂಗಳೂರಿನ ಭಾರ ಎತ್ತುವ ಪಟು ಫರ್ಮಾನ್ ಬಾಷಾ 2008ರಲ್ಲಿ ಅರ್ಜುನ ಪ್ರಶಸ್ತಿ ಪಡೆದವರು. ಪಶ್ಚಿಮ ಬಂಗಾಳದಿಂದ ಬಂದ ಸಕೀನಾ ಖಾತೂನ್ ಅವರಿಂದಲೇ ತರಬೇತಿ ಪಡೆದು 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಕಂಚು ಗೆದ್ದರು. ಅಂಗವೈಕಲ್ಯವಿರುವ ಮಗಳನ್ನು ಮದುವೆಯ ಚಿಂತೆಯಿಂದಲೋ ಜನರ ಮಾತಿಗಂಜಿಯೋ ಒಳಮನೆಯಲ್ಲಿ ಕೂರಿಸುವ ಕುಟುಂಬಗಳು ಎಲ್ಲ ಸಮುದಾಯಗಳಲ್ಲಿಯೂ ಇವೆ, ನಮ್ಮಲ್ಲಿಯೂ ಇವೆ. ಸಕೀನಾರ ಹೆಸರನ್ನು ಆ ಮನೆಗಳಿಗೆ ತಲುಪಿಸುವುದು ಯಾರ ಹೊಣೆ?

ಈಗ ಬಾಗಲಕೋಟೆಗೆ ಬರೋಣ. ಇಳಕಲ್ ಸೀರೆಯನ್ನು ನೇಯುವ ಕುಣಿಮಗ್ಗಕ್ಕೆ ಕೈಯಷ್ಟೇ ಕಾಲೂ ಬೇಕು. ಕಲ್ಲಿನ ಕ್ವಾರಿಯಲ್ಲಿ ಒಂದು ಕ್ಷಣದ ಅಪಘಾತ ಸಾಕು. ಬಾದಾಮಿಯ ಗುಹೆಗಳಿಗೆ ಮೆಟ್ಟಿಲೇ ದಾರಿ. ದೇಹದ ಬಲವನ್ನೇ ನಂಬಿದ ಊರುಗಳಲ್ಲಿ ದೇಹ ಸೋತವನು ಬೇಗನೆ ಮೂಲೆಗೆ ಸರಿಯುತ್ತಾನೆ. ಅಲ್ಲಿ ಆಟ ಆರಂಭಿಸಲು ಕೋಟಿಗಟ್ಟಲೆ ಹಣ ಬೇಕಾಗಿಲ್ಲ. ಕುಳಿತು ಆಡುವ ವಾಲಿಬಾಲ್‌ಗೆ ಹತ್ತು ಮೀಟರ್ ಉದ್ದ, ಆರು ಮೀಟರ್ ಅಗಲದ ಅಂಕಣ ಸಾಕು. ಬಲೆಯ ಎತ್ತರ ಪುರುಷರಿಗೆ 1.15 ಮೀಟರ್, ಮಹಿಳೆಯರಿಗೆ 1.05 ಮೀಟರ್. ಶಾಲೆಯ ಅಂಗಳ, ಶಾದಿಮಹಲ್, ಕಲ್ಯಾಣಮಂಟಪ ಯಾವುದಾದರೂ ಆದೀತು. ನಿಜವಾದ ವೆಚ್ಚವಿರುವುದು ಮನೆಯಿಂದ ಅಂಗಳದವರೆಗಿನ ದಾರಿಯಲ್ಲಿ. ಹುನಗುಂದದ ಹುಡುಗನನ್ನು ಇಳಕಲ್‌ಗೆ, ಬಾದಾಮಿಯ ಹುಡುಗಿಯನ್ನು ಬಾಗಲಕೋಟೆಗೆ ಪ್ರತಿವಾರ ತಪ್ಪದೆ ಕರೆತಂದು ಮರಳಿ ಮನೆ ಮುಟ್ಟಿಸುವವರು ಬೇಕು. ಸ್ವಯಂಸೇವಕ ಬೇಕಾಗಿರುವುದು ಭಾಷಣಕ್ಕಲ್ಲ, ಈ ದಾರಿಗೆ.

ಹೀಗೆಂದ ಮಾತ್ರಕ್ಕೆ ಸರಕಾರ ಕೈತೊಳೆದುಕೊಳ್ಳುವಂತಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯ 30ನೆಯ ಕಲಮು ಕ್ರೀಡೆಯಲ್ಲಿ ಪಾಲ್ಗೊಳ್ಳುವುದನ್ನು ಹಕ್ಕೆಂದೇ ಗುರುತಿಸಿದೆ. ಸ್ಥಳೀಯ ಸಂಸ್ಥೆಗಳು ತಮ್ಮ ಸ್ವಂತ ಸಂಪನ್ಮೂಲದ ಶೇ. 5ರಷ್ಟನ್ನು ವಿಕಲಚೇತನರಿಗಾಗಿ ಮೀಸಲಿಡಬೇಕೆಂಬ ನಿಯಮ ರಾಜ್ಯದಲ್ಲಿದೆ. ಆ ಹಣದಲ್ಲಿ ಒಂದು ಬಲೆ, ಸದ್ದು ಮಾಡುವ ನಾಲ್ಕು ಚೆಂಡು, ಒಂದು ಇಳಿಜಾರು ದಾರಿ ಯಾಕೆ ಆಗಬಾರದು? ಗ್ರಾಮ ಪಂಚಾಯತ್‌ಗಳಲ್ಲಿ ಗೌರವಧನಕ್ಕೆ ದುಡಿಯುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಸ್ವತಃ ವಿಕಲಚೇತನರು. ಯಾವ ಓಣಿಯಲ್ಲಿ ಯಾರಿದ್ದಾರೆಂದು ಬಲ್ಲವರು. ಕ್ರೀಡಾ ಸಂಘವೊಂದು ಹುಟ್ಟುವುದಾದರೆ ಅದರ ನೇತೃತ್ವ ಇಂಥವರದಾಗಲಿ. ಉಳಿದವರು ಹಗ್ಗದ ಇನ್ನೊಂದು ತುದಿಯನ್ನು ಹಿಡಿಯಲಿ.

ಇಳಕಲ್ಲಿಗೆ ಇದೇನೂ ಹೊಸ ಪಾಠವಲ್ಲ. ಚಿತ್ತರಗಿ-ಇಳಕಲ್ ಮಠದ ಡಾ. ಮಹಾಂತ ಸ್ವಾಮೀಜಿ ಜೋಳಿಗೆ ಹಿಡಿದು ಊರೂರು ಅಲೆದದ್ದು ಹಣಕ್ಕಾಗಿ ಅಲ್ಲ. ಜನರ ದುಶ್ಚಟಗಳನ್ನು ಬೇಡಲಿಕ್ಕಾಗಿ. ಅಂಥದ್ದೇ ಒಂದು ಜೋಳಿಗೆ ಇಂದು ಮಸೀದಿ, ಮಠ, ಕಾಲೇಜುಗಳ ಬಾಗಿಲಿಗೆ ಬರಬೇಕಾಗಿದೆ. ಅದು ದೇಣಿಗೆಯನ್ನು ಕೇಳಬೇಕಾಗಿಲ್ಲ. ವಾರಕ್ಕೆ ಎರಡು ತಾಸು ಕೇಳಿದರೆ ಸಾಕು. ಹಣ ಹಾಕಿ ನಡೆದುಬಿಡುವುದು ಸುಲಭ. ಎರಡು ತಾಸು ಕೊಡಲು ನಮ್ಮಲ್ಲಿ ಎಷ್ಟು ಮಂದಿ ಸಿದ್ಧರಿದ್ದೇವೆ?