ಕುಪ್ಯ ಬರೀ ಕಪ್ಪಲ್ಲ ಗುರು

(1/4)
ಮೊದಲ ಫೋಟೋ ನೋಡಿ, ಆಮೇಲೆ ಸ್ವೈಪ್ ಮಾಡಿ. ಎರಡೂ ಒಂದೇ ನೆಗೆಟಿವ್‌ನಿಂದ ಬಂದಿದ್ದು. ಐನ್‌ಮನೆ ಜಗಲಿಯಲ್ಲಿ ಕೂತಿರೋದು ನನ್ನ ಗೆಳೆಯನ ಅಜ್ಜ. ಈಗ ಅವರಿಲ್ಲ. ಮನೆಯಲ್ಲಿ ಉಳಿದಿರೋ ಅವರ ಕುಪ್ಯ ಹಾಕಿದ ಫೋಟೋ ಇದೊಂದೇ.

ಮೊದಲನೆಯದರಲ್ಲಿ ಒಂದು ಮುಖ, ಬಿಳಿ ಶರ್ಟಿನ ತೋಳು, ಬೆಳ್ಳಿಯ ಪೀಚೆಕತ್ತಿ ಕಾಣುತ್ತೆ. ಉಳಿದಿದ್ದೆಲ್ಲ ಮಸಿ. ಎರಡನೆಯದರಲ್ಲಿ ಕುಪ್ಯದ ಮಡಿಕೆ ಇದೆ, ಚೇಲೆಯ ಗಂಟು ಇದೆ, ಹಿಂದಿನ ಕಂಬದ ಕೆತ್ತನೆ ಕೂಡ ಸ್ವಲ್ಪ ಇದೆ. ಕ್ಲಾಸಲ್ಲಿ ತೋರಿಸಿದಾಗ ಹೆಚ್ಚಿನವರು "ಮೊದಲನೇದೇ ಸೂಪರ್, ಪಂಚ್ ಇದೆ" ಅಂದ್ರಿ. ನಾನು ಒಪ್ಪಲ್ಲ. ಯಾಕೆ ಅಂತ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ.

(2/4)
ನೆಗೆಟಿವ್ ತೆಳು. ಕಿಟಕಿಗೆ ಹಿಡಿದ್ರೆ ಹೆಚ್ಚುಕಮ್ಮಿ ಗಾಜಿನ ಥರ. ತೆಳುವಾಗೋಕೆ ಎರಡು ಕಾರಣ ಇರಬಹುದು, ಅವೆರಡನ್ನೂ ಒಂದೇ ಅಂದ್ಕೋಬೇಡಿ. ಫಿಲ್ಮ್ ಅಂಚಲ್ಲಿರೋ ನಂಬರ್ ನೋಡಿ. ಅದನ್ನ ಕಂಪನಿಯವರೇ ಬೆಳಕು ಕೊಟ್ಟು ಅಚ್ಚು ಮಾಡಿರ್ತಾರೆ, ನಮ್ಮ ಕ್ಯಾಮೆರಾಗೂ ಅದಕ್ಕೂ ಸಂಬಂಧ ಇಲ್ಲ. ನಂಬರ್ ಕೂಡ ಮಂಕಾಗಿದ್ರೆ ಡೆವಲಪ್ ಸಾಲಿಲ್ಲ ಅಂತ. ಆಗ ನೆರಳಿನ ವಿವರ ಬಹುಪಾಲು ಫಿಲ್ಮಲ್ಲೇ ಇರುತ್ತೆ, ಗಟ್ಟಿ ಕಾಂಟ್ರಾಸ್ಟ್ ಕೊಟ್ರೆ ಎದ್ದು ಬರುತ್ತೆ. ನಂಬರ್ ದಟ್ಟವಾಗಿದ್ದು ಚಿತ್ರ ಮಾತ್ರ ತೆಳುವಾಗಿದ್ರೆ ಬೆಳಕೇ ಸಾಲಿಲ್ಲ ಅಂತ.

ಅಜ್ಜನದು ಎರಡನೇ ಕೇಸ್. ಐನ್‌ಮನೆ ಜಗಲಿ ಎಷ್ಟು ಕತ್ತಲು ಅಂತ ನಿಮಗೆ ಗೊತ್ತಲ್ಲ, ಅದರ ಮೇಲೆ ಕಪ್ಪು ಬಟ್ಟೆ. ಬೆಳಕು ಬೀಳದ ಕಡೆ ಫಿಲ್ಮಲ್ಲಿ ಏನೂ ದಾಖಲಾಗಲ್ಲ. ಲೆಡ್ಜರ್‌ನಲ್ಲಿ ಎಂಟ್ರಿಯೇ ಇಲ್ದಿದ್ರೆ ಬ್ಯಾಲೆನ್ಸ್ ಎಲ್ಲಿಂದ ತರ್ತೀರಿ? ಆದ್ರೆ ಇಲ್ಲಿ ಎಂಟ್ರಿ ಇತ್ತು. ತುಂಬಾ ಸಣ್ಣ ಮೊತ್ತ, ಅಷ್ಟೇ.

(3/4)
ನಾನು ಮೊದಲು ಮಾಡಿದ ತಪ್ಪು: 5ನೇ ಫಿಲ್ಟರ್ ಹಾಕಿ, "ಒಳ್ಳೆ ಕಪ್ಪು" ಬರೋವರೆಗೂ ಬೆಳಕು ಕೊಟ್ಟೆ. ತೆಳು ನೆಗೆಟಿವ್‌ನಲ್ಲಿ ಪೇಪರ್ ಬೇಗ ಕಪ್ಪಾಗುತ್ತೆ, ಸಣ್ಣ ಮೊತ್ತ ಎಲ್ಲ ಮುಳುಗಿಹೋಗುತ್ತೆ. ಆಮೇಲೆ ಸಿಟ್ಟಲ್ಲಿ 1ನೇ ಫಿಲ್ಟರ್ ಹಾಕಿದೆ. ಬಂದಿದ್ದು ಮಳೆಗಾಲದ ಮಡಿಕೇರಿ, ಪೂರ್ತಿ ಮಂಜು. ಗಟ್ಟಿ ಫಿಲ್ಟರೇ ಶತ್ರು ಅಂತ ತಿಂಗಳುಗಟ್ಟಲೆ ನಂಬಿದ್ದೆ ಕಣ್ರೋ. ಅಲ್ಲ. ಮಡಿಕೆ ಮಡಿಕೆಗೆ ವ್ಯತ್ಯಾಸ ಕಾಣ್ಬೇಕಂದ್ರೆ ಗಟ್ಟಿ ಫಿಲ್ಟರ್ ಬೇಕೇ ಬೇಕು. ಕೆಡಿಸ್ತಿದ್ದಿದ್ದು ನಾನು ಕೊಟ್ಟ ಸಮಯ.

ಅದಕ್ಕೆ ಈಗ ಟೆಸ್ಟ್ ಸ್ಟ್ರಿಪ್‌ನ ಮುಖದ ಮೇಲೆ ಇಡಲ್ಲ, ಕುಪ್ಯದ ಮೇಲೆ ಇಡ್ತೀನಿ. ಮಡಿಕೆ ಇನ್ನೂ ಬೇರೆ ಬೇರೆ ಕಾಣೋ ಕೊನೆಯ ಪಟ್ಟಿ ಯಾವುದೋ, ಅದೇ ಸಮಯ. ಎಫ್/5.6ರಲ್ಲಿ ಅದು 4 ಸೆಕೆಂಡ್ ಬಂತು. ನಾಲ್ಕು ಸೆಕೆಂಡಲ್ಲಿ ಕೈ ಅಡ್ಡ ಹಿಡಿದು ನೆರಳು ಉಳಿಸೋಕೆ ಯಾರಿಗೂ ಆಗಲ್ಲ. ಲೆನ್ಸ್ ಎಫ್/11ಕ್ಕೆ ಇಳಿಸಿದ್ರೆ 16 ಸೆಕೆಂಡ್ ಸಿಗುತ್ತೆ. 4ನೇ ಫಿಲ್ಟರ್, ಅದರಲ್ಲಿ 3 ಸೆಕೆಂಡ್ ಕುಪ್ಯದ ಕೆಳಭಾಗಕ್ಕೆ ರಟ್ಟಿನ ಚೂರು ಅಡ್ಡ, ಸುಮ್ನೆ ಅಲ್ಲಾಡಿಸ್ತಾ ಇರ್ಬೇಕು. ಬಿಳಿ ತೋಳು ಬರೀ ಪೇಪರ್ ಆಗಿ ಉಳಿದಿತ್ತು, ಅದಕ್ಕೆ ಮಾತ್ರ 00 ಫಿಲ್ಟರ್‌ನಲ್ಲಿ ಸ್ವಲ್ಪ ಹೆಚ್ಚು ಬೆಳಕು.

ನಮ್ಮೂರಿನ ತಾಪತ್ರಯ ಬೇರೆ. ಜುಲೈಲಿ ನಲ್ಲಿ ನೀರು ಐಸ್, ಡೆವಲಪರ್ 20 ಡಿಗ್ರಿಗಿಂತ ಕೆಳಗೆ ಹೋದ್ರೆ ಕಪ್ಪು ಪೂರ್ತಿ ಏಳೋದೇ ಇಲ್ಲ. ನಾನು ಟ್ರೇನ ಬಿಸಿನೀರಿನ ದೊಡ್ಡ ತಟ್ಟೆಯಲ್ಲಿ ಇಟ್ಕೋತೀನಿ. ವೋಲ್ಟೇಜ್ ಏರಿಳಿದ್ರೆ ಬಲ್ಬಿನ ಬೆಳಕೂ ಬದಲಾಗುತ್ತೆ, ಸಂಜೆ ಏಳರ ಟೆಸ್ಟ್ ಸ್ಟ್ರಿಪ್ ರಾತ್ರಿ ಹನ್ನೊಂದಕ್ಕೆ ಸುಳ್ಳು. ಮತ್ತೆ ಒದ್ದೆ ಪ್ರಿಂಟ್ ನೋಡಿ ಖುಷಿಪಡ್ಬೇಡಿ, ಒಣಗಿದ ಮೇಲೆ ಇನ್ನೊಂಚೂರು ಕಪ್ಪಾಗುತ್ತೆ. ಮೊದಲು ಕಳೆದುಹೋಗೋದು ಕುಪ್ಯವೇ.

(4/4)
"ಫೋನಲ್ಲಿ ಸ್ಕ್ಯಾನ್ ಮಾಡಿ ಶ್ಯಾಡೋ ಸ್ಲೈಡರ್ ಎಳೆದ್ರೆ ಮುಗೀತಲ್ಲ?" ಎಳೀರಿ, ಬೇಡ ಅನ್ನಲ್ಲ. ಆದ್ರೆ ಏನೂ ಇಲ್ಲದ ಕಡೆ ಸ್ಲೈಡರ್ ಕೊಡೋದು ಬರೀ ಗ್ರೇನ್. ನನ್ನ ಪ್ರಿಂಟಲ್ಲೂ ಎಡಗಡೆ ಕೆಳಮೂಲೆ ಖಾಲಿ. ಅಲ್ಲಿ ಫಿಲ್ಮಲ್ಲೇ ಏನಿಲ್ಲ, ಹಾಗೇ ಬಿಟ್ಟಿದ್ದೀನಿ. ನನ್ನ ತಕರಾರು ಅದರ ಬಗ್ಗೆ ಅಲ್ಲ. ಇರೋದನ್ನೂ "ಪಂಚ್" ಹೆಸರಲ್ಲಿ ಮುಚ್ಚಿಹಾಕೋದರ ಬಗ್ಗೆ. ಕೊಡವರ ಮನೆ ಗೋಡೆಗಳಲ್ಲಿ ನೋಡಿ, ಎಷ್ಟು ಅಜ್ಜಂದಿರು ಕಪ್ಪು ಹೊಂಡದ ಮೇಲೆ ತೇಲೋ ತಲೆಗಳಾಗಿದ್ದಾರೆ.

ಪ್ರಿಂಟ್ ಕೊಡೋಕೆ ಹೋದಾಗ ಗೆಳೆಯನ ಅಮ್ಮ "ಸ್ವಲ್ಪ ಮಂಕಲ್ವಾ?" ಅಂದ್ರು. ಹೌದು, ಸ್ವಲ್ಪ ಮಂಕು. ಅಜ್ಜಿ ಕನ್ನಡಕ ಹಾಕ್ಕೊಂಡು ಮುಖ ನೋಡೋ ಬದಲು ಎದೆಯ ಹತ್ತಿರ ಬೆರಳಿಟ್ರು. ಅಲ್ಲೊಂದು ಹೊಲಿಗೆ ಇತ್ತು, ನಾನು ಗಮನಿಸಿರಲಿಲ್ಲ. ಅವರೇ ಹಾಕಿದ್ದಂತೆ.

ಸದ್ಯಕ್ಕೆ ಎರಡೂ ಪ್ರಿಂಟ್ ಮೇಜಿನ ಮೇಲಿವೆ. ಯಾವುದಕ್ಕೆ ಫ್ರೇಮ್ ಅಂತ ಮನೆಯಲ್ಲಿ ಇನ್ನೂ ಜಗಳ ನಡೀತಿದೆ. ನಿಮ್ಮ ವೋಟ್ ಕೆಳಗೆ ಹಾಕಿ.